ಹೊರುವ ಮಿತಿ: ಇಬ್ಬರು

ದುಮಗೆತೆಯ ಬಂದರಿನ ರಸ್ತೆಯಲ್ಲಿ ನಮ್ಮ ಅಂಗಡಿ.
ದಿನಕ್ಕೆ ಇಪ್ಪತ್ತು ಸಲ ನಾನು ಒಪ್ಪಿಸುವ ಪಾಠ ಇದು:
ಹೆಸರು ಬಂತುಗ್, ನೂರೈವತ್ತು ಸಿಸಿ,
ಗಾಳಿಗೆ ತಣಿಯುವ ಒಂಟಿ ಸಿಲಿಂಡರು,
ಹನ್ನೊಂದು ಕುದುರೆಯ ಬಲ, ಐದು ಗೇರು,
ಮುಂದೆ ಡಿಸ್ಕು, ಹಿಂದೆ ಡ್ರಮ್ಮು,
ಲೀಟರಿಗೆ ನಲವತ್ತೈದು ಕಿಲೋಮೀಟರು, ಇಳಿಜಾರಾದರೆ.
ದುಂಡು ದೀಪ, ಕಡ್ಡಿಚಕ್ರ, ಕಂದು ಸೀಟಿಗೆ ಅಡ್ಡಹೊಲಿಗೆ.
ತೊಗಲಲ್ಲ, ತೊಗಲಿನ ಹಾಗೆ.
ಕ್ರೋಮಲ್ಲ, ಕ್ರೋಮಿನ ಹಾಗೆ.
ಕಾರ್ಖಾನೆಯಿಂದಲೇ ಅಜ್ಜನಾಗಿ ಹೊರಬಿದ್ದ ಕೂಸು.

ಹುಡುಗರು ಬಂದು ಟ್ಯಾಂಕಿನ ಮೇಲೆ ಕೈಯಾಡಿಸುತ್ತಾರೆ,
ಕನ್ನಡಿಯಲ್ಲಿ ಕ್ರಾಪು ನೋಡಿಕೊಂಡು ಹೋಗುತ್ತಾರೆ.

ಆ ಮಂಗಳವಾರ ಬಂದವಳು ಪುರಿಂಗ್,
ವಲೆನ್ಸಿಯಾದ ಮೇಲಿನ ಹಳ್ಳಿಗಳ ಸೂಲಗಿತ್ತಿ.
ಪೂರ್ತಿ ಹೆಸರು ಪುರಿಫಿಕಾಸ್ಯೋನ್ ತುಬಿಲ್, ವಯಸ್ಸು ಐವತ್ತೆರಡು,
ಎತ್ತರ ನೂರೈವತ್ತು ಸೆಂಟಿಮೀಟರು.
'ಗಾಡಿಯೂ ನೂರೈವತ್ತು, ನಾನೂ ನೂರೈವತ್ತು,
ಈಡುಜೋಡು ಸರಿಹೋಯಿತು' ಅಂದಳು.

ಅಂದಚಂದ ನೋಡಲೇ ಇಲ್ಲ. ಹತ್ತಿ ಕೂತು
ಕಾಲು ನೆಲಕ್ಕೆ ಎಟುಕುತ್ತದೆಯೇ ನೋಡಿದಳು.
ಹೆಬ್ಬೆರಳು ಎಟುಕಿತು. ಸಾಕು.
ಸೀಟನ್ನು ಗೇಣು ಹಾಕಿ ಅಳೆದಳು: ಮೂರೂವರೆ.
ಆಮೇಲೆ ಹಾಳೆಯಲ್ಲಿ ಇಲ್ಲದ ಪ್ರಶ್ನೆ:
'ನೋವು ತಿನ್ನುವವಳು ಇಲ್ಲಿ ಒಂದು ಮಗ್ಗುಲಾಗಿ ಕೂರಬಹುದೇ?'

ನಾನು ತಡವರಿಸಿದೆ.
ಹೆಲ್ಮೆಟ್ಟೊಂದನ್ನು ತೆಗೆದು ನನ್ನ ಅಂಗಿಯೊಳಗೆ ತುರುಕಿದಳು.
'ಹತ್ತು.'

ಹಾಗೆ ನಾನು, ಜೆರಿಕ್ ಕಟಾಲ್ಬಾಸ್, ಮಾರಾಟದ ಹುಡುಗ,
ತುಂಬು ಬಸುರಿಯಾಗಿ, ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು
ಊರೆಲ್ಲ ನೋಡುವಂತೆ ಬೆಟ್ಟದ ದಾರಿ ಹಿಡಿದೆ.
ಪೆಡಿಕ್ಯಾಬಿನವರು ಸಿಳ್ಳೆ ಹಾಕಿದರು.
ಹೊಂಡ ಬಂದಾಗ ಅವಳು: 'ನರಳು! ನೀನು ನರಳದಿದ್ದರೆ
ಸ್ಪ್ರಿಂಗು ಹೇಗಿದೆ ಅಂತ ನನಗೆ ಹೇಗೆ ಗೊತ್ತಾಗಬೇಕು?'
ನರಳಿದೆ. ಮೂರನೆಯ ಹೊಂಡಕ್ಕೆ ನಿಜವಾಗಿಯೇ ನರಳಿದೆ.
ಏರಿನಲ್ಲಿ ಎರಡನೇ ಗೇರು ಉಬ್ಬಸಪಟ್ಟಿತು.
ಅವಳು ಟ್ಯಾಂಕು ತಟ್ಟಿದಳು, ಹೆರುವವಳ ಬೆನ್ನು ತಟ್ಟುವ ಹಾಗೆ:
'ಇನ್ನೊಂಚೂರು, ಇನ್ನೊಂಚೂರು,
ಹಾಂ, ಆಯಿತು.'

ತಿರುಗಿ ಬಂದು ಹಾಳೆಯನ್ನು ಮತ್ತೆ ಓದಿಸಿದಳು.
ಹೊರುವ ಮಿತಿ: ಇಬ್ಬರು.
'ಇಬ್ಬರು ಹೋಗಿ ಮೂವರಾಗಿ ಬಂದರೆ?'
ಕಂಪನಿಯವರು ಅದನ್ನು ಬರೆದಿರಲಿಲ್ಲ.

ಬೆಲೆ ಅರವತ್ತೆಂಟು ಸಾವಿರದ ಒಂಬೈನೂರು ಪೆಸೊ.
ಮುಂಗಡ ಆರೂವರೆ ಸಾವಿರ, ಉಳಿದದ್ದು ಕಂತು,
ತಿಂಗಳಿಗೆ ಎರಡು ಸಾವಿರದ ಏಳುನೂರ ಎಂಬತ್ತು, ಮೂವತ್ತಾರು ತಿಂಗಳು.
ಬೇಗ ಬೇಗ ಓದಿದೆ. ಈ ಸಾಲನ್ನು ಬೇಗ ಓದುವುದನ್ನು
ನಮಗೆ ಮೊದಲ ದಿನವೇ ಕಲಿಸುತ್ತಾರೆ.
ಅವಳು ಬೆರಳು ಮಡಿಚಿದಳು. 'ಮೂವತ್ತಾರು ಅಂದರೆ ನಾಲ್ಕು ಬಸಿರು.
ಒಂದರ ಬೆನ್ನಿಗೆ ಒಂದು, ನಡುವೆ ಬಾಣಂತನಕ್ಕೂ ಬಿಡುವಿಲ್ಲ.
ಅಷ್ಟು ಹೆತ್ತ ಮೇಲೆ ಒಟ್ಟು ಎಷ್ಟಾಗುತ್ತದೆ?'
ಒಂದು ಲಕ್ಷದ ಆರು ಸಾವಿರದ ಐನೂರ ಎಂಬತ್ತು.
'ಓಹೋ' ಅಂದಳು, 'ಹಳೆಯ ಕಾಲದ್ದು ಅಂದೆಯಲ್ಲ,
ಈಗ ನಂಬಿದೆ. ಬಡ್ಡಿ ನಮ್ಮಜ್ಜಿಯ ಕಾಲದ್ದೇ.'

ಸಹಿ ಹಾಕಿದಳು.

ಎರಡನೆಯ ಕಂತಿಗೆ ಬಂದಾಗ ಹ್ಯಾಂಡಲಿಗೆ ಹುಂಜ ಕಟ್ಟಿತ್ತು.
ಯಾರೋ ಹೆರಿಗೆಯ ಲೆಕ್ಕಕ್ಕೆ ಕೊಟ್ಟದ್ದು.
ಕೌಂಟರಿನಲ್ಲಿ 'ನಗದು ಮಾತ್ರ' ಎಂಬ ಹಲಗೆ.
ಎರಡು ಸಾವಿರದ ಮುನ್ನೂರ ಎಂಬತ್ತು ಎಣಿಸಿಟ್ಟು
ಹಲಗೆಯನ್ನೇ ಓದುತ್ತ ನಿಂತಳು.
ಉಳಿದ ನಾಲ್ಕುನೂರು ನನ್ನ ಜೇಬಿನಿಂದ ಹೋಯಿತು.
ರಸೀದಿ ಬರೆದು, ಹುಂಜವನ್ನು ಬಿಚ್ಚಿಕೊಂಡೆ.

ಕ್ರೋಮಿನ ಹಾಗಿದ್ದದ್ದು ಆಗಲೇ ಎರಡು ಕಡೆ ಎದ್ದಿತ್ತು.
ಅಡ್ಡಹೊಲಿಗೆಯ ಮೇಲೆ, ತೊಳೆದರೂ ಹೋಗದ ಒಂದು ಕಲೆ.
ಕಿಲೋಮೀಟರು ಸಾವಿರದ ನಾಲ್ಕುನೂರ ಹನ್ನೆರಡು.
ಗಾಡಿ ಹಳೆಯದಾಗತೊಡಗಿತ್ತು, ಈ ಸಲ ಸುಳ್ಳಿಲ್ಲದೆ.

ಹುಂಜ ಇನ್ನೂ ನಮ್ಮ ಮನೆಯಲ್ಲೇ ಇದೆ.
ನಡುರಾತ್ರಿ ಮೂರಕ್ಕೇ ಕೂಗುತ್ತದೆ.
ಕೊಯ್ಯೋಣ ಅನ್ನುತ್ತಾಳೆ ಅಮ್ಮ,
ಆದಿತ್ಯವಾರ ಬರಲಿ ಅನ್ನುತ್ತೇನೆ.